ನಾವು ಪ್ರವಾಸ ಹೋಗುವುದೇಕೆ?

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಪ್ರಾಥಮಿಕ ಶಾಲೆಯ ಪ್ರಬಂಧದಿಂದ ಮೊದಲ್ಗೊಂಡು ಇಂದಿನವರೆಗೂ ನಾವೆಲ್ಲರೂ ಬರೆಯುತ್ತಲೇ ಬಂದಿದ್ದೇವೆ. ಅದನ್ನು ಬರೆದಾಗಲೆಲ್ಲ ಗುರುಗಳು ಒಂದು ಅಂಕವನ್ನು ಹೆಚ್ಚಾಗಿಯೇ ಕೊಟ್ಟಿದ್ದಾರೆ. ಆದರೆ ಈ ಗಾದೆಯಲ್ಲಿರುವ 'ಇಲ್ಲವೆ' ಎಂಬ ಮಾತು ನಮ್ಮನ್ನು ಕೆಡಿಸಿದೆಯೆಂದು ಈಚೆಗೆ ನನಗೆ ತೋರತೊಡಗಿದೆ. ಸುತ್ತುವವನು ಓದಬೇಕಾಗಿಲ್ಲ, ಓದುವವನು ಸುತ್ತಬೇಕಾಗಿಲ್ಲ ಎಂಬ ಅರ್ಥವನ್ನು ನಾವು ಅದಕ್ಕೆ ಕೊಟ್ಟುಕೊಂಡಿದ್ದೇವೆ. ಓದದೆ ಸುತ್ತಿದ್ದು ಬರಿಯ ಅಲೆದಾಟ. ಸುತ್ತದೆ ಓದಿದ್ದು ಬರಿಯ ಕಂಠಪಾಠ. ಎರಡನ್ನೂ ಮಾಡಿ ಸೋತವನೊಬ್ಬನ ಅನುಭವವೆಂದು ಈ ಲೇಖನವನ್ನು ವಾಚಕರು ಓದಬೇಕಾಗಿ ವಿನಂತಿ.

ಚಳಿಗಾಲ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಒಂದು ವಾದ ತಪ್ಪದೆ ನಡೆಯುತ್ತದೆ. ಪ್ರವಾಸ ಬೇಕೆಂದು ವಿದ್ಯಾರ್ಥಿಗಳು; ಅದು ದುಂದುವೆಚ್ಚವೆಂದು ಹಿರಿಯರು. ವಿದ್ಯಾರ್ಥಿಗಳು 'ಜ್ಞಾನಾರ್ಜನೆ' ಎಂಬ ದೊಡ್ಡ ಮಾತನ್ನು ಮುಂದೊಡ್ಡುತ್ತಾರೆ. ಆದರೆ ಮನಸ್ಸಿನಲ್ಲಿರುವುದು ಬಸ್ಸಿನ ಹಿಂದಿನ ಸೀಟು ಮತ್ತು ಹಾಡು. ಹಿರಿಯರು 'ಶಿಸ್ತು' ಎಂಬ ಮಾತನ್ನು ಮುಂದೊಡ್ಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಹೊಣೆಗಾರಿಕೆಯ ಭಯ. ಕೊನೆಗೆ ಕಾಲೇಜಿನ ಪ್ರವಾಸ ನಿಲ್ಲುತ್ತದೆ. ನಾಲ್ಕೈದು ಜನ ಗೆಳೆಯರು ತಾವೇ ಒಂದು ಕಾರು ಮಾಡಿಕೊಂಡು ಹೊರಡುತ್ತಾರೆ. ಕಳೆದ ಡಿಸೆಂಬರಿನ ಕೊನೆಯ ಶನಿವಾರ ನಾವು ಹೊರಟದ್ದೂ ಹೀಗೆಯೇ.

ನಾವು ಐವರು. ಕೊಪ್ಪಳದವನೊಬ್ಬ, ಗಂಗಾವತಿಯವನೊಬ್ಬ, ಕುಷ್ಟಗಿಯವನೊಬ್ಬ, ಯಲಬುರ್ಗಿಯವನೊಬ್ಬ, ಕಿನ್ನಾಳದವನು ನಾನು. ಜಿಲ್ಲೆಯ ಹಳೆಯ ನಾಲ್ಕೂ ತಾಲ್ಲೂಕುಗಳಿಗೆ ಪ್ರಾತಿನಿಧ್ಯವಿತ್ತೆಂದು ನಗಬಹುದು. ಎಲ್ಲಿಗೆ ಹೋಗಬೇಕೆಂಬ ಚರ್ಚೆ ಮೂರು ದಿನ ನಡೆಯಿತು. ಇಬ್ಬರು ಗೋವೆಯೆಂದರು, ಇಬ್ಬರು ಹೈದರಾಬಾದೆಂದರು. ಗಂಗಾವತಿಯ ಗೆಳೆಯನ ಬಂಧುವೊಬ್ಬರು ಕಾಚಿಗುಡದಲ್ಲಿ ಒಂದು ಕೋಣೆ ಕೊಡುತ್ತೇವೆಂದು ಹೇಳಿದ್ದರಿಂದ ವಾದ ಮುಗಿಯಿತು. ಇತಿಹಾಸದ ಮೇಲಿನ ಪ್ರೀತಿಯಿಂದ ನಾವು ಹೈದರಾಬಾದಿಗೆ ಹೋದೆವೆಂದು ಬರೆದರೆ ಅದು ಸುಳ್ಳಾದೀತು. ಬಾಡಿಗೆಯಿಲ್ಲದ ಕೋಣೆ ಮತ್ತು ಬಿರಿಯಾನಿ, ಇವೆರಡೇ ನಮ್ಮನ್ನು ಎಳೆದದ್ದು. ತಲೆಗೆ 1,900 ರೂಪಾಯಿ ಬಿದ್ದಿತು. ದೀಪಾವಳಿಯ ರಜೆಯಲ್ಲಿ ಬಟ್ಟೆಯಂಗಡಿಯಲ್ಲಿ ನಿಂತು ನಾನು ಅದನ್ನು ಗಳಿಸಿದ್ದೆ. ಆದುದರಿಂದ ಅಪ್ಪನ ಮುಂದೆ ಕೈಯೊಡ್ಡುವ ಪ್ರಸಂಗ ಬರಲಿಲ್ಲ. ಆದರೆ ಹೇಳುವ ಪ್ರಸಂಗ ಬಂದಿತು.

ಹೈದರಾಬಾದು ಎಂದೊಡನೆ ಅಪ್ಪ ಊಟದ ತಾಟಿನಿಂದ ತಲೆಯೆತ್ತಿದ. "ನಾನೂ ಎರಡು ಬ್ಯಾಸಿಗಿ ಅಲ್ಲಿದ್ದೆ" ಎಂದ. ಮಳೆ ಕೈಕೊಟ್ಟ ವರ್ಷಗಳಲ್ಲಿ ಓಣಿಯ ಹತ್ತು-ಹನ್ನೆರಡು ಜನರೊಡನೆ ಅಪ್ಪ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದನೆಂಬುದು ನನಗೆ ಗೊತ್ತಿತ್ತು. ಅದು ಯಾವ ಊರೆಂದು ನಾನು ಎಂದೂ ಕೇಳಿರಲಿಲ್ಲ. "ಚಾರ್ಮಿನಾರ್ ನೋಡಿದ್ದೇನು?" ಎಂದು ಕೇಳಿದೆ. "ಒಮ್ಮಿ ಬಸ್ಸಿನ್ಯಾಗಿಂದ ಕಂಡಿತ್ತು" ಎಂದು ಹೇಳಿ ಅಪ್ಪ ಮತ್ತೆ ಊಟಕ್ಕೆ ತೊಡಗಿದ.

ಎಂಬತ್ತು ದಾಟಿದ ನನ್ನ ಅಜ್ಜಿಗೆ ಮಾತ್ರ ಬೇರೆಯ ಯೋಚನೆ ಹೊಳೆಯಿತು. ತನ್ನ ತಗಡಿನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದವನ್ನು ತೆಗೆದು ನನ್ನ ಕೈಗಿತ್ತಳು. ಅದು ಉರ್ದು ಲಿಪಿಯಲ್ಲಿತ್ತು, ಮಡಿಕೆಯಲ್ಲಿ ಹರಿದಿತ್ತು. ನಮ್ಮ ಮನೆಗೆ ಒಂದು ಕಾಲದಲ್ಲಿ ಹೊಲವಿತ್ತೆಂದೂ, ಈ ಕಾಗದವೇ ಅದಕ್ಕೆ ಆಧಾರವೆಂದೂ ಅವಳು ನಂಬಿದ್ದಳು. ಕಂದಾಯದ ಕಚೇರಿಗಳ ಹಳೆಯ ಕಾಗದಗಳೆಲ್ಲ ನಮ್ಮ ಕಡೆ ಉರ್ದುವಿನಲ್ಲಿಯೇ ಇದ್ದವು. ಓದಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. "ಅಲ್ಲಿ ಯಾರರೆ ಓದಾವ್ರು ಸಿಗತಾರ, ಕೇಳಿಕೊಂಡು ಬಾ" ಎಂದಳು. ಬಿ.ಎ. ಓದುತ್ತಿರುವ ಮೊಮ್ಮಗ ಮನೆಯ ಕಾಗದವನ್ನು ಓದಲಾರದವನೆಂಬುದು ಆ ಮಾತಿನಲ್ಲಿ ಅಡಗಿತ್ತೋ ಇಲ್ಲವೋ, ನನಗೆ ಮಾತ್ರ ಹಾಗೆ ಕೇಳಿಸಿತು.

ಶನಿವಾರ ನಸುಕಿನಲ್ಲಿ ನಾಲ್ಕು ಗಂಟೆಗೆ ಹೊರಟೆವು. ಗಂಗಾವತಿ ದಾಟುವ ಹೊತ್ತಿಗೆ ಬೆಳಕು ಮೂಡಿತು. ಕಾರಟಗಿಯಿಂದ ಸಿಂಧನೂರಿನವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನಾಡು. ಭತ್ತದ ಗದ್ದೆಗಳ ಮೇಲೆ ಮಂಜು ಹಾಸಿಕೊಂಡಿತ್ತು. ಅಕ್ಕಿಯ ಗಿರಣಿಗಳ ಹೊಗೆ ಅದರೊಳಗೆ ಬೆರೆತಿತ್ತು. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಈ ಸೀಮೆಯ ಭಾಗ್ಯ ಬದಲಾಯಿತು. ಯಲಬುರ್ಗಿಯ ಗೆಳೆಯ ಕಿಟಕಿಯ ಗಾಜನ್ನು ಒರೆಸುತ್ತ, "ಇದೂ ನಮ್ಮ ಜಿಲ್ಲಾನ, ನಮ್ಮೂರೂ ನಮ್ಮ ಜಿಲ್ಲಾನ" ಎಂದು ನಿಟ್ಟುಸಿರಿಟ್ಟ. ಅವನ ಊರಿನಲ್ಲಿ ಮಳೆ ಬಂದರೆ ಕಡಲೆ, ಬಾರದಿದ್ದರೆ ಗುಳೆ. ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ ಮೊದಲ ಪಾಠ ಹೀಗೆ ನಮ್ಮ ಜಿಲ್ಲೆಯೊಳಗೇ ಆಯಿತು.

ಮಾನ್ವಿಯ ಬಳಿ ಗಾಲಿ ಪಂಕ್ಚರಾಗಿ ಒಂದು ತಾಸು ಕಳೆಯಿತು. ರಾಯಚೂರು ಹಿಂದಾಯಿತು, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳನ್ನು ಕಂಡು ಕೃಷ್ಣೆಯನ್ನು ದಾಟಿದೆವು. ದಾಟಿದೊಡನೆ ಫಲಕಗಳು ತೆಲುಗಾದವು. ಮಖ್ತಲ್, ಮಹಬೂಬನಗರ, ಜಡಚರ್ಲಾ ಕಳೆದು ಮಧ್ಯಾಹ್ನದ ಹೊತ್ತಿಗೆ ನಗರ ಸೇರಿದೆವು. ಬೇರೆ ರಾಜ್ಯಕ್ಕೆ ಬಂದೆವೆಂಬ ಭಾವನೆ ನಮ್ಮೆಲ್ಲರಿಗೂ ಇತ್ತು. ಅದು ಸಹಜವೇ. ಆದರೆ ಯೋಚಿಸಿ ನೋಡಿದರೆ, 1956ರ ನವೆಂಬರ್ 1ರ ತನಕ ಇದೇ ನಮ್ಮ ರಾಜಧಾನಿ. ನಮ್ಮ ಅಜ್ಜಂದಿರಿಗೆ ಬೆಂಗಳೂರು ಪರದೇಶ, ಹೈದರಾಬಾದು ಸ್ವದೇಶ. ಹೈದರಾಬಾದು ಸಂಸ್ಥಾನ ಮೂರು ಭಾಗವಾಗಿ, ಮರಾಠಿಯ ಜಿಲ್ಲೆಗಳು ಮುಂಬಯಿಗೆ, ತೆಲುಗಿನವು ಆಂಧ್ರಕ್ಕೆ, ಕನ್ನಡದವು ಮೈಸೂರಿಗೆ ಸೇರಿದವು. 2014ರಲ್ಲಿ ತೆಲಂಗಾಣ ಹುಟ್ಟಿದ ಮೇಲೆ ಹುಟ್ಟಿದ ಊರೇನೂ ಅಲ್ಲ ಇದು. ಇದೆಲ್ಲವನ್ನೂ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕೃಷ್ಣೆಯನ್ನು ದಾಟುವಾಗ ಮಾತ್ರ ಅದರ ಒಂದಕ್ಷರವೂ ನೆನಪಾಗಲಿಲ್ಲ.

ಸಂಜೆ ಚಾರ್ಮಿನಾರಿಗೆ ಹೋದೆವು. ಮಹಮ್ಮದ್ ಕುಲಿ ಕುತುಬ್ ಷಾ 1591ರಲ್ಲಿ ಕಟ್ಟಿಸಿದ ಈ ಗೋಪುರದ ಸುತ್ತ ಚಳಿಯ ಸಂಜೆಯಲ್ಲಿ ಜನಜಾತ್ರೆ. 1565ರಲ್ಲಿ ವಿಜಯನಗರ ಪಾಳುಬಿದ್ದ 26 ವರ್ಷಗಳ ಮೇಲೆ ಎದ್ದ ಊರು ಇದು. ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಿಕರೆಂದು ನಮ್ಮೂರಲ್ಲಿ ಹೇಳುವುದುಂಟು. ಗೆಳೆಯರು ಫೋಟೋ ತೆಗೆಯುವುದರಲ್ಲಿ ಮಗ್ನರಾದರು. ಒಬ್ಬನಂತೂ ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆದ; ಎಲ್ಲದರಲ್ಲಿಯೂ ಮುಂದೆ ಅವನು, ಹಿಂದೆ ಚಾರ್ಮಿನಾರು. ನಾನು ಲಾಡ್ ಬಜಾರಿನ ಬಳೆಯಂಗಡಿಗಳ ಸಾಲನ್ನು ದಾಟಿ, ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕುಳಿತ ಒಬ್ಬ ವೃದ್ಧರ ಮುಂದೆ ನಿಂತು, ಅಜ್ಜಿಯ ಕಾಗದವನ್ನು ಬಿಚ್ಚಿದೆ.

ಅವರು ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ನಮ್ಮ ಕಡೆಯ ಮುಸಲ್ಮಾನ ಬಂಧುಗಳು ಆಡುವ ಮಾತಿನಂತೆಯೇ ಇತ್ತು ಅವರ ಮಾತು, ಅರ್ಥವಾಗುವುದು ಕಷ್ಟವಾಗಲಿಲ್ಲ. ಅದು ಹೊಲದ ಪತ್ರವಾಗಿರಲಿಲ್ಲ. ಕಂದಾಯ ಸಂದಾಯವಾದ ರಸೀದಿಯಾಗಿತ್ತು. ಫಸಲಿ 1340, ಎಂದರೆ 1930-31. ಹಾಲಿ ಸಿಕ್ಕಾ ಏಳು ರೂಪಾಯಿ ಚಿಲ್ಲರೆ. ನನ್ನ ಮುತ್ತಜ್ಜನ ಹೆಸರು, ಅವನ ತಂದೆಯ ಹೆಸರು, ಊರು ಕಿನ್ನಾಳ. ಜಾಗೀರಿನ ಮೊಹರು. ಅಷ್ಟೇ. "ಯಾರ ಜಾಗೀರು?" ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೊಪ್ಪಳವೆಂದರೆ ಸಾಲಾರ್ ಜಂಗರದು, ಇನ್ನಾರದು?" ಎಂದು ಹೇಳಿ ಮೂಸಿ ನದಿಯ ಕಡೆಗೆ ಕೈ ತೋರಿದರು. "ಅವರ ಸಾಮಾನು ನೋಡುವುದಿದ್ದರೆ ನಾಳೆ ಬಾಗಿಲು ತೆರೆದಿರುತ್ತದೆ, ಶುಕ್ರವಾರ ಮಾತ್ರ ರಜೆ" ಎಂದರು. ಓದಿದ್ದಕ್ಕೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಕಾಗದವನ್ನು ಮಡಿಕೆಯ ಗೆರೆಯಲ್ಲಿ ಮಡಿಸಬೇಡವೆಂದು ಮಾತ್ರ ಎಚ್ಚರಿಸಿದರು.

ಆ ರಾತ್ರಿ ಕಾಚಿಗುಡದ ಕೋಣೆಯಲ್ಲಿ ನನಗೆ ನಿದ್ರೆ ಹತ್ತಲಿಲ್ಲ. ಹೊಲದ ಕಾಗದವಲ್ಲವೆಂದು ಅಜ್ಜಿಗೆ ಹೇಗೆ ಹೇಳುವುದೆಂಬ ಚಿಂತೆ ಒಂದು; ಇತಿಹಾಸವನ್ನು ಮುಖ್ಯ ವಿಷಯವಾಗಿ ಓದುತ್ತಿರುವ ನಾನು ನನ್ನ ಸೀಮೆ ಯಾರ ಜಾಗೀರಾಗಿತ್ತೆಂಬುದನ್ನು ಬೀದಿಯ ಪುಸ್ತಕದಂಗಡಿಯವರಿಂದ ತಿಳಿಯಬೇಕಾಯಿತಲ್ಲಾ ಎಂಬ ನಾಚಿಕೆ ಇನ್ನೊಂದು.

ಭಾನುವಾರ ಬೆಳಿಗ್ಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಲಾ ಕಾಲೇಜಿನ ಕಟ್ಟಡವನ್ನು ಮೊದಲು ನೋಡಿದೆವು. 1939ರಲ್ಲಿ ತೆರೆದ ಆ ನಸುಗೆಂಪು ಕಲ್ಲಿನ ಭವ್ಯ ಭವನದ ಮುಂದೆ ನಮ್ಮ ಮಾತು ಸಣ್ಣದಾಯಿತು. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1918ರಲ್ಲಿ, ಬೋಧನೆ ಉರ್ದುವಿನಲ್ಲಿ. ಅದೇ 1918ರಲ್ಲಿ ನಮ್ಮ ಯಲಬುರ್ಗಿ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಇಲ್ಲಿಗೆ ಬಂದು ಓದಿದರು. ಸಂಸ್ಥಾನದ ಆಡಳಿತ ಸೇವೆಗೆ ಸೇರಿದರು. ಉರ್ದುವಿನಲ್ಲಿ ಪಾಠ ಕೇಳಿದವರು ಕನ್ನಡದಲ್ಲಿ 'ಕಾವ್ಯಾನಂದ'ರಾದರು. 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮನೆಯಲ್ಲಿ ಮೊದಲು ಪದವಿಯ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಆ ಮೆಟ್ಟಿಲುಗಳ ಮೇಲೆ ನಿಂತಾಗ ಧೈರ್ಯವೂ ಬಂತು, ನಾಚಿಕೆಯೂ ಆಯಿತು. ಅವರು ಪರಭಾಷೆಯನ್ನು ಗೆದ್ದು ಓದಿದರು. ನಾವು ತಾಯ್ನುಡಿಯಲ್ಲಿ ಓದುತ್ತಿದ್ದೂ ಗ್ರಂಥಾಲಯದ ಕಡೆ ತಲೆಹಾಕುವುದಿಲ್ಲ.

ಹತ್ತು ಗಂಟೆಗೆ ಸಾಲಾರ್ ಜಂಗ್ ಸಂಗ್ರಹಾಲಯವನ್ನು ಹೊಕ್ಕೆವು. ಮೊದಲನೆಯ ಸಾಲಾರ್ ಜಂಗರು 1853ರಿಂದ 1883ರವರೆಗೆ ನಿಜಾಮರ ದಿವಾನರು. ಅವರ ಮೊಮ್ಮಗ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನರು, 1912ರಿಂದ ಎರಡು ವರ್ಷ ದಿವಾನರಾಗಿದ್ದು, ಆ ಪದವಿಯನ್ನು ಬಿಟ್ಟ ಮೇಲೆ ಉಳಿದ ಆಯುಷ್ಯವನ್ನೆಲ್ಲ ಕಲಾವಸ್ತುಗಳನ್ನು ಕೂಡಿಸುವುದರಲ್ಲಿ ಕಳೆದರು. 1949ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಹೈದರಾಬಾದಿನಲ್ಲಿ ಜಾಗೀರು ಪದ್ಧತಿಯೇ ರದ್ದಾಯಿತು. 1951ರ ಡಿಸೆಂಬರಿನಲ್ಲಿ ಪಂಡಿತ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1968ರಲ್ಲಿ ಅದು ಮೂಸಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು.

ಒಳಗೆ ನೋಡಿದ್ದನ್ನೆಲ್ಲ ಬರೆಯಹೊರಟರೆ ಈ ಸಂಚಿಕೆ ಸಾಲದು. ರೋಮಿನಲ್ಲಿ 1876ರಲ್ಲಿ ಕೊಂಡುತಂದ, ಬೆಂಜೋನಿ ಎಂಬ ಶಿಲ್ಪಿಯ ಅಮೃತಶಿಲೆಯ ರೆಬೆಕಾ: ಕಲ್ಲಿನ ಮುಸುಕಿನ ಹಿಂದೆ ಮುಖ ಕಾಣುತ್ತದೆ. ತಾಸಿಗೊಮ್ಮೆ ಪುಟ್ಟ ಗಡ್ಡದವನೊಬ್ಬ ಬಾಗಿಲು ತೆರೆದು ಬಂದು ಗಂಟೆ ಬಾರಿಸುವ ಗಡಿಯಾರ. ಅದರ ಮುಂದೆ ಹನ್ನೊಂದು ಹೊಡೆಯುವುದನ್ನು ಕಾಯುತ್ತ ಕುಳಿತ ನೂರಾರು ಜನ. ಮಕ್ಕಳ ವಿಭಾಗದಲ್ಲಿ ಐರೋಪ್ಯ ಆಟಿಕೆಗಳು, ಸಾಲಾಗಿ ನಿಂತ ತವರದ ಸಿಪಾಯಿಗಳು. ನಮ್ಮೆಲ್ಲರನ್ನೂ ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಒಂದು ಮರದ ಪ್ರತಿಮೆ. ಒಂದೇ ಮರದ ತುಂಡಿನಲ್ಲಿ ಮುಂದೆ ಗರ್ವದಿಂದ ಸೆಟೆದು ನಿಂತ ಮೆಫಿಸ್ಟಾಫಿಲಿಸ್. ಹಿಂದೆ, ತಲೆ ಬಾಗಿಸಿದ ಮಾರ್ಗರೆಟಾ. ಹಿಂಬದಿಯನ್ನು ಕಾಣಲೆಂದು ಕನ್ನಡಿ ಇಟ್ಟಿದ್ದಾರೆ.

ಕೊಪ್ಪಳದ ಗೆಳೆಯ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮೂರಾಗೂ ಕಟ್ಟಿಗಿ ಕೆತ್ತತಾರಲ್ಲ, ಆ ಗೊಂಬಿಗೆ ಬಂಗಾರದ ಬಣ್ಣ ಹೆಂಗ ಬರತೈತೋ?" ಎಂದು ಕೇಳಿದ. ಅವನದು ಕುಚೋದ್ಯವಲ್ಲ, ನಿಜವಾದ ಕುತೂಹಲ. ಉತ್ತರ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಚಿತ್ರಗಾರರ ಓಣಿಯ ಮುಂದಿನಿಂದಲೇ ಶಾಲೆಗೂ ಕಾಲೇಜಿಗೂ ಹೋದವನು ನಾನು. ಊರ ಹೆಸರು ಹೇಳಿದೊಡನೆ ಯಾರಾದರೂ "ಗೊಂಬೆಯ ಕಿನ್ನಾಳವೇ?" ಎಂದರೆ ಹೆಮ್ಮೆಯಿಂದ ಹೌದೆಂದವನು. ಭೌಗೋಳಿಕ ಸೂಚಕದ ಮಾನ್ಯತೆ ನಮ್ಮೂರ ಗೊಂಬೆಗೆ ಸಿಕ್ಕಿದೆಯೆಂದು ಸ್ಪರ್ಧಾ ಪರೀಕ್ಷೆಗೆಂದು ಬಾಯಿಪಾಠ ಮಾಡಿಕೊಂಡವನು. ಬಣ್ಣ ಹೇಗೆ ಬರುತ್ತದೆಂದು ಮಾತ್ರ ಒಮ್ಮೆಯೂ ಕೇಳಿದವನಲ್ಲ. "ಏನೋ ಬಳೀತಾರ" ಎಂದೆ. ಗೆಳೆಯ ಮುಂದೆ ಹೋದ.

ರಸೀದಿಯ ಸಂಗತಿಯನ್ನು ಆ ಹೊತ್ತಿಗೆ ಎಲ್ಲರಿಗೂ ಹೇಳಿದ್ದೆ. ಹೊರಗೆ ಬಂದು ಚಹಾ ಕುಡಿಯುತ್ತಿರುವಾಗ ಕುಷ್ಟಗಿಯವನು ಸಿಡಿದೆದ್ದ: ಇದೆಲ್ಲವೂ ನಮ್ಮ ಮುತ್ತಜ್ಜಂದಿರ ಬೆವರು, ನಮ್ಮೂರಿನಲ್ಲಿ ಒಂದು ಶಾಲೆಯಿರಲಿಲ್ಲ, ಇಲ್ಲಿ ರೋಮಿನ ಮೂರ್ತಿ ಬಂತು! ಗಂಗಾವತಿಯವನು ಒಪ್ಪಲಿಲ್ಲ: ಎಷ್ಟೋ ಜಾಗೀರುದಾರರು ಎಷ್ಟೋ ವಿಧದಲ್ಲಿ ಖರ್ಚು ಮಾಡಿ ಏನನ್ನೂ ಉಳಿಸದೆ ಹೋದರು, ಇವರು ಕೂಡಿಸಿದ್ದಾದರೂ ಉಳಿದಿದೆ, 1961ರ ಕಾಯಿದೆಯಿಂದ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿದೆ, ಈಗ ಅದು ನಿನ್ನದೂ ಹೌದು, ನನ್ನದೂ ಹೌದು.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆಯೆಂದು ನನ್ನ ಅಭಿಪ್ರಾಯ. ಆ ಮನೆತನದ ವರಮಾನಕ್ಕೆ ಮೂಲ ಜಾಗೀರುಗಳು. ಕೊಪ್ಪಳವೂ ಯಲಬುರ್ಗಿಯೂ ಆ ಜಾಗೀರುಗಳಲ್ಲಿ ಸೇರಿದ್ದವು. ನನ್ನ ಮುತ್ತಜ್ಜನ ಏಳು ರೂಪಾಯಿ ಯಾವ ಮೂರ್ತಿಯ ಯಾವ ಬೆರಳಿಗೆ ಸಂದಿತೆಂದು ಲೆಕ್ಕ ಹಾಕುವುದು ಹುಚ್ಚುತನ. ಆದರೆ ಅದು ಯಾವುದಕ್ಕೂ ಸಲ್ಲಲೇ ಇಲ್ಲವೆಂಬಂತೆ ಟಿಕೇಟು ಕೊಂಡು, ಬಾಯಿ ತೆರೆದು ನೋಡಿ, ಹೊರಗೆ ಬರುವುದು ಮರೆವು. ನಾನು ಕೋಪಗೊಳ್ಳಬೇಕೆನ್ನುವುದಿಲ್ಲ. ಆ ಗಡಿಯಾರದ ಮುಂದೆ ಕುಳಿತ ಹಳ್ಳಿಯವನೊಬ್ಬ ತಾನು ದೊಡ್ಡವರ ಮನೆಗೆ ಬಂದ ಅತಿಥಿಯೆಂದು ಕುಗ್ಗಬೇಕಾಗಿಲ್ಲವೆನ್ನುತ್ತೇನೆ, ಅಷ್ಟೇ. ಮುತ್ತಜ್ಜ ಈ ಊರಿಗೆ ಕಂದಾಯ ಕಳಿಸಿದ. ಅಪ್ಪ ಈ ಊರಿನಲ್ಲಿ ಇಟ್ಟಿಗೆ ಹೊತ್ತ. ಇಬ್ಬರೂ ಇದನ್ನು ನೋಡಲಿಲ್ಲ. ನೋಡುವ ಸರದಿ ನನ್ನದಾಗಿದೆಯೆಂದಮೇಲೆ ಸರಿಯಾಗಿ ನೋಡುವ ಹೊಣೆಯೂ ನನ್ನದೇ.

ಹಿಂದಿನವರ ನೆನಪಿನಲ್ಲಿ ಹೈದರಾಬಾದು ಬರಿಯ ವೈಭವದ ಊರೂ ಅಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. 1948ರಲ್ಲಿ ರಜಾಕಾರರ ಹಾವಳಿಯ ಕಾಲದಲ್ಲಿ ನಮ್ಮ ಸೀಮೆಯ ಅನೇಕರು ಗಡಿ ದಾಟಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಕಡೆಗೆ ಹೋದರು; ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಮುಂಡರಗಿ ಶಿಬಿರ ಆ ಹೋರಾಟದಲ್ಲಿ ಹೆಸರಾಯಿತು. ನನ್ನ ಅಜ್ಜಿ ಆಗ ಸಣ್ಣ ಹುಡುಗಿ. ರಾತ್ರಿಯಲ್ಲಿ ಯಾರೋ ಹೆಗಲ ಮೇಲೆ ಹೊತ್ತು ನಡೆದದ್ದು, ಅಳಬಾರದೆಂದು ಬಾಯಿಗೆ ಬೆಲ್ಲ ಹಾಕಿದ್ದು, ಇಷ್ಟು ಅವಳಿಗೆ ನೆನಪಿದೆ. ಅದೇ ಸೆಪ್ಟೆಂಬರ್ 17ರಂದು ಸಂಸ್ಥಾನದ ಆಳ್ವಿಕೆ ಮುಗಿಯಿತು. ಹಳೆಯ ಪುಸ್ತಕ ಮಾರುವ ವೃದ್ಧರು ಹಣ ಬೇಡವೆಂದದ್ದೂ ನಿಜ, ಅಜ್ಜಿಯ ಬಾಯಿಯ ಬೆಲ್ಲವೂ ನಿಜ. ಎರಡನ್ನೂ ಒಟ್ಟಿಗೆ ನೆನಪಿಡುವುದನ್ನು ಕಲಿಸದ ಇತಿಹಾಸದಿಂದ ಪ್ರಯೋಜನವೇನು?

ಭಾನುವಾರ ನಡುರಾತ್ರಿ ಮನೆ ಮುಟ್ಟಿದೆ. ಬೆಳಿಗ್ಗೆ ಅಜ್ಜಿಗೆ ರಸೀದಿಯ ವಿಷಯ ಹೇಳಿದೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟಿದ್ದಕ್ಕ ಚೀಟಿ ಐತಿ, ತೊಗೊಂಡಿದ್ದಕ್ಕ ಚೀಟಿ ಇಲ್ಲ, ಅಷ್ಟ" ಎಂದಳು. ಹೊಲ ಸಾಲಕ್ಕೆ ಹೋಗಿತ್ತೆಂಬುದನ್ನು ಅವಳು ಬಲ್ಲಳೆಂದು ನನಗೆ ಆಗ ತಿಳಿಯಿತು.

ಅದೇ ಸೋಮವಾರ ಸಂಜೆ ಚಿತ್ರಗಾರರ ಓಣಿಗೆ ಹೋದೆ. ಇಪ್ಪತ್ತು ವರ್ಷ ಹೊರಗಿನಿಂದ ನೋಡಿದ ಬಾಗಿಲೊಳಗೆ ಮೊದಲ ಸಲ ಕುಳಿತೆ. ಹಗುರವಾದ ಮರವನ್ನು ಕೆತ್ತಿ, ಬಿಡಿ ಅಂಗಗಳನ್ನು ಹುಣಸೆಯ ಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ ಪುಡಿಮಾಡಿದ ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಯ ಅಂಟು ಇವನ್ನು ಕಲಸಿದ 'ಕಿಟ್ಟ'ದಿಂದ ಮೈಯನ್ನು ತಿದ್ದುತ್ತಾರೆ. ಕಲ್ಲಿನ ಪುಡಿಯ ಸರಿಯಿಂದ ಒಡವೆಗಳು ಉಬ್ಬುತ್ತವೆ. ಇನ್ನು ಬಂಗಾರದ ಬಣ್ಣ! ಅದು 'ಲಾಜವಾರ'. ತವರವನ್ನು ಸಣ್ಣಗೆ ಮಾಡಿ ಅಂಟಿನೊಡನೆ ಅರೆದು ಬಳಿದು, ನುಣುಪಾದ ಕಲ್ಲಿನಿಂದ ತಿಕ್ಕುತ್ತಾರೆ, ಬೆಳ್ಳಿಯಂತೆ ಹೊಳೆಯುತ್ತದೆ, ಅದರ ಮೇಲೆ ತೆಳುವಾದ ಬಣ್ಣ ಕೊಟ್ಟರೆ ಬಂಗಾರವಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಕಂಡ ಸಿಪಾಯಿಗಳ ತವರ, ನಮ್ಮ ಗರುಡನ ಕಿರೀಟದಲ್ಲಿ ಬಂಗಾರವಾಗಿ ಕುಳಿತಿತ್ತು. ಹೇಳಿಕೊಟ್ಟ ಹಿರಿಯರು ಕೊನೆಯಲ್ಲಿ, "ಊರ ಹುಡುಗರು ಯಾರೂ ಕೇಳಂಗಿಲ್ಲ, ಹೊರಗಿನವ್ರ ಬಂದು ವಿಡಿಯೋ ತಗದು ಹೋಗತಾರ" ಎಂದರು. ಹೈದರಾಬಾದಿಗೆ ಹೋಗದಿದ್ದರೆ ನಾನು ಆ ಬಾಗಿಲನ್ನು ಹೊಕ್ಕುತ್ತಿರಲಿಲ್ಲ. ಪ್ರವಾಸದ ಪರವಾಗಿ ನನ್ನಲ್ಲಿರುವ ಬಲವಾದ ವಾದವೆಂದರೆ ಇದೇ.

ಆದುದರಿಂದ ಗುರುವರ್ಯರಲ್ಲಿಯೂ ಸಹಪಾಠಿಗಳಲ್ಲಿಯೂ ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು: ಪ್ರವಾಸ ಹೊರಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರನ್ನು, "ಆ ಊರಿಗೂ ನಮಗೂ ಏನು ಸಂಬಂಧ?" ಎಂದು ಕೇಳಿ, ಉತ್ತರವನ್ನು ಒಂದು ಪುಟ ಬರೆದು ತರಲಿ. ನಮ್ಮಲ್ಲಿ ಬಹುಪಾಲು ಜನರ ಮನೆಯಲ್ಲಿ ಕೋಶವಿಲ್ಲ. ಆದರೆ ಅಜ್ಜಿಯಿದ್ದಾಳೆ, ಪೆಟ್ಟಿಗೆಯಿದೆ, ದುಡಿಯಲು ಹೋಗಿ ಬಂದ ಅಪ್ಪನಿದ್ದಾನೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಎರಡನೆಯದು: ಹಿಂದಿರುಗಿದ ಮೇಲೆ ನಮ್ಮದೇ ಸೀಮೆಯ ಒಂದು ಕಸುಬನ್ನು ನೋಡಿ ಬರುವುದು ಪ್ರವಾಸದ ಕೊನೆಯ ಭಾಗವಾಗಲಿ. ಕಿನ್ನಾಳದ ಚಿತ್ರಗಾರರನ್ನು ವರ್ಷಕ್ಕೊಮ್ಮೆ ಕಾಲೇಜಿಗೆ ಕರೆಸಿ, ಹಾರ ಹಾಕಿ ಕಳಿಸದೆ, ಒಂದು ಗಂಟೆ ಕೆಲಸ ಮಾಡಿ ತೋರಿಸುವಂತೆ ಕೇಳಿ, ಅದಕ್ಕೆ ತಕ್ಕ ಗೌರವಧನವನ್ನು ಕೊಡುವುದು ಉಚಿತ.

ಮೂರನೆಯದು, ನಾನು ಸಂಕೋಚದಿಂದ ಬರೆಯುತ್ತಿರುವುದು: ನಮ್ಮ ಕಾರಿನಲ್ಲಿ ವಿದ್ಯಾರ್ಥಿನಿಯೊಬ್ಬಳೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ನಮ್ಮ ತರಗತಿಯಲ್ಲಿ ಇತಿಹಾಸದಲ್ಲಿ ನನಗಿಂತ ಹೆಚ್ಚು ಅಂಕ ಪಡೆಯುವವರೆಲ್ಲ ವಿದ್ಯಾರ್ಥಿನಿಯರೇ. 2023ರ ಜೂನಿನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಟಿಕೇಟಿಲ್ಲ. ರಾಯಚೂರಿನವರೆಗೆ ಹಣವಿಲ್ಲದೆಯೇ ಹೋಗಬಹುದು. ತಡೆಯುವುದು ಹಣವಲ್ಲ, ಅನುಮತಿ. ಕಾಲೇಜು ತಾನೇ ಅಧ್ಯಾಪಿಕೆಯರೊಡನೆ ಪ್ರವಾಸವನ್ನು ಏರ್ಪಡಿಸಿದರೆ ಮಾತ್ರ ತಂದೆತಾಯಿಗಳು ಕಳಿಸಿಯಾರು. ಕಾಲೇಜಿನ ಪ್ರವಾಸ ನಿಂತರೆ ನಾವು ಹುಡುಗರು ಹೇಗೋ ಹೋಗಿಯೇ ಹೋಗುತ್ತೇವೆ, ನಿಲ್ಲುವುದು ಅವರದು. ಹೊಣೆಗಾರಿಕೆಗೆ ಹೆದರಿ ಪ್ರವಾಸವನ್ನು ನಿಲ್ಲಿಸುವ ಹಿರಿಯರು ಈ ಲೆಕ್ಕವನ್ನೂ ಗಮನಿಸಬೇಕೆಂದು ಪ್ರಾರ್ಥನೆ.

'ಇದೆಲ್ಲ ಕಟ್ಟಿಕೊಂಡರೆ ಪ್ರವಾಸದ ಸಂತೋಷವೇನು ಉಳಿಯಿತು?' ಎಂದು ಗೆಳೆಯರು ಕೇಳಿಯಾರು. ಅವರಿಗೆ ನಾನು ಹೇಳುವುದಿಷ್ಟೇ: ಬಿರಿಯಾನಿ ಚೆನ್ನಾಗಿತ್ತು, ದಾರಿಯುದ್ದಕ್ಕೂ ಹಾಡಿದೆವು, ಮಾನ್ವಿಯ ಪಂಕ್ಚರಿನಂಗಡಿಯ ಮುಂದೆ ನಕ್ಕಷ್ಟು ನಾನು ಈ ಮೂರು ವರ್ಷಗಳಲ್ಲಿ ನಕ್ಕಿಲ್ಲ. ಅದರಲ್ಲಿ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ.

ಮುನ್ನೂರ ಎಪ್ಪತ್ತೊಂದು ಜೆ ವಿಧಿಯ ಪ್ರಮಾಣಪತ್ರಕ್ಕಾಗಿ ನಾನು ಈ ವರ್ಷ ಅರ್ಜಿ ಹಾಕಿ ಪಡೆದುಕೊಂಡೆ. ನಮ್ಮ ಸೀಮೆ ಹಿಂದುಳಿದಿತ್ತೆಂದೂ, ಆದಕಾರಣ ಶಿಕ್ಷಣದಲ್ಲಿ, ನೌಕರಿಯಲ್ಲಿ ನನಗೊಂದು ಪಾಲಿದೆಯೆಂದೂ ಹೇಳುವ ಕಾಗದವದು. 2019ರಿಂದ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವೆಂದಾಗಿದೆ. ಹಿಂದುಳಿದದ್ದು ಹೇಗೆಂಬುದನ್ನು ಆ ಕಾಗದ ಹೇಳುವುದಿಲ್ಲ. ಅದನ್ನು ಹೇಳುವುದು ಮುತ್ತಜ್ಜನ ರಸೀದಿ. ಅಜ್ಜಿಗೆ ಪ್ರಮಾಣಪತ್ರವನ್ನು ತೋರಿಸಿ ಅರ್ಥ ತಿಳಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅದೇ ಬಟ್ಟೆಯಲ್ಲಿ, ರಸೀದಿಯ ಮೇಲೆಯೇ ಇಟ್ಟು ಸುತ್ತಿ, ಪೆಟ್ಟಿಗೆಗೆ ಸೇರಿಸಿದಳು. ನೌಕರಿಯ ಅರ್ಜಿ ಹಾಕುವ ದಿನ ಬೇಕೆಂದಾಗ ಕೊಡುತ್ತೇನೆಂದಿದ್ದಾಳೆ.

ಬರುವ ಚಳಿಗಾಲಕ್ಕೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕಿರಿಯ ಮಿತ್ರರು ಹೊರಡಲಿ. ಹೊರಡುವ ಮುನ್ನ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆಸಿ ನೋಡಲಿ ಎಂದು ಕೇಳಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.